ನಮ್ಮ ಮಗಳ ಶಾಲೆಯೂ ಇಂಥದ್ದೇ

ಒಂದೇ ಕಟ್ಟಡದಲ್ಲಿ ನಾಲ್ಕು ಮಾಧ್ಯಮ ನಡೆಯುವ ಮುಂಬಯಿಯ ಧಾರಾವಿಯ ಶಾಲೆಯ ಬಗ್ಗೆ ಬರೆದಿದ್ದೀರಿ ಮೇಡಂ, ಓದಿ ತುಂಬಾ ಖುಷಿಯಾಯ್ತು. ನನ್ನ ಮಗಳೂ ಅಂಥದ್ದೇ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮೂರನೇ ಕ್ಲಾಸು. ಮುಂಬಯಿ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ 8 ಭಾಷೆಗಳಲ್ಲಿ ಶಾಲೆ ನಡೆಸುತ್ತದೆ ಅಂದರೆ ನಮ್ಮೂರ ಕಡೆ ಎಷ್ಟೋ ಜನ ನಂಬುವುದಿಲ್ಲ.

ಆದರೆ ‘ಇಷ್ಟು ಭಾಷೆಗಳ ನಡುವೆ ಮಕ್ಕಳಿಗೆ ಗೊಂದಲ’ ಅಂದಿದ್ದೀರಲ್ಲ, ಅದನ್ನು ನಾನು ಒಪ್ಪಲಾರೆ. ಮಧ್ಯಾಹ್ನ ಖಿಚಡಿ ಉಂಡು ತಟ್ಟೆ ತೊಳೆದಿಟ್ಟು ಇವಳು ತಮಿಳು ಕ್ಲಾಸಿನ ಗೆಳತಿಯ ಜೊತೆ ವರಾಂಡದಲ್ಲಿ ಕುಂಟೆಬಿಲ್ಲೆ ಆಡುತ್ತಾಳೆ. ಮನೆ ಎಣಿಸುವುದು ಮರಾಠಿಯಲ್ಲಿ, ಜಗಳ ಹಿಂದಿಯಲ್ಲಿ. ಬಿದ್ದು ಮೊಣಕಾಲು ತರಚಿದರೆ ಮಾತ್ರ ‘ಯವ್ವಾ’ ಅಂತ ನಮ್ಮ ವಿಜಯಪುರದ ಕನ್ನಡವೇ ಬಾಯಿಗೆ ಬರುತ್ತದೆ.

2025ರ ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿನಿಂದಲೇ ಮೂರನೇ ಭಾಷೆಯಾಗಿ ಹಿಂದಿ ಅಂತ ಮಹಾರಾಷ್ಟ್ರ ಸರ್ಕಾರದ ಆದೇಶ ಬಂದು, ಗಲಾಟೆಯಾಗಿ, ಜೂನ್ ಕೊನೆಗೆ ಹಿಂಪಡೆದರಲ್ಲ, ಅದು ಮರಾಠಿ, ಇಂಗ್ಲಿಷ್ ಮಾಧ್ಯಮದವರಿಗೆ. ನಮ್ಮ ಮಕ್ಕಳು ಮೊದಲಿಂದಲೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಓದುತ್ತಿದ್ದಾರೆ. ಇದನ್ನು ಆಗ ಯಾರೂ ನೆನೆಯಲಿಲ್ಲ ಅನ್ನುವುದೇ ನನಗೆ ಬೇಸರ.

ನನ್ನ ಚಿಂತೆ ಬೇರೆ. ಗಾರೆ ಕೆಲಸದವರ ಮಕ್ಕಳು ಜಾತ್ರೆಗೆ ಊರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಇವಳ ಬೆಂಚಿನ ಹುಡುಗ ಯುಗಾದಿಗೆ ಹೋದವನು ಇನ್ನೂ ಬಂದಿಲ್ಲ, ಅವನ ಪಾಟಿಚೀಲ ಟೀಚರ ಕಪಾಟಿನಲ್ಲೇ ಇದೆ. ಅಂಥವರ ಬಗ್ಗೆಯೂ ದಯವಿಟ್ಟು ಬರೆಯಿರಿ.