ಮುತ್ತಜ್ಜ ಹಡಗು ಹತ್ತಿದ್ದ, ನಾವು ಕೌಂಟ್

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ರಾಜ ಸಾಮೂದಿರಿಗೆ ಕೊಡಲು ತಂದಿದ್ದ ಉಡುಗೊರೆಗಳ ಪಟ್ಟಿ ಇವತ್ತಿಗೂ ಓದಲು ಸಿಗುತ್ತದೆ. 12 ತುಂಡು ಪಟ್ಟೆಬಟ್ಟೆ, 6 ಹ್ಯಾಟು, 4 ಸರ ಹವಳ, ಕೈ ತೊಳೆಯುವ 6 ಬೋಗುಣಿ, ಒಂದಿಷ್ಟು ಸಕ್ಕರೆ, ಎರಡೆರಡು ಪೀಪಾಯಿ ಎಣ್ಣೆ, ಜೇನು. ಅರಮನೆಯವರು ನೋಡಿ ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡ್ತಾನೆ ಅಂದರು. ಗೃಹಪ್ರವೇಶಕ್ಕೆ ಬಂದ ಸ್ಟೀಲ್ ಡಬ್ಬಿಯನ್ನು ಮುಂದಿನ ಮದುವೆಗೆ ದಾಟಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಮಟ್ಟ.

ಈ ಬೋಗುಣಿಗಳಿಂದ ಶುರುವಾದ ವಂಶವೇ ಮುಂದೆ ಪೋರ್ಚುಗಲ್ಲಿನ ದೊಡ್ಡ ಮನೆತನವಾಯಿತು.

ಅದೂ ಸುಮ್ನೆ ಆಗಲಿಲ್ಲ. ವಾಪಸ್ ಬಂದವನಿಗೆ ರಾಜ ಮನುವೆಲ್ 'ಹುಟ್ಟೂರು ಸೀನಿಶ್ ನಿನಗೇ' ಎಂದು ಮಾತು ಕೊಟ್ಟ. ಆದರೆ ಆ ಊರು ಸಾಂತಿಯಾಗೋ ಎಂಬ ಧಾರ್ಮಿಕ ಯೋಧರ ಪಂಥದವರದು. ಅವರು ಬಿಡಲಿಲ್ಲ. ಗಾಮ ಅಲ್ಲೇ ಮನೆ ಕಟ್ಟಲು ಹೊರಟ. 1507ರಲ್ಲಿ ಅದೇ ರಾಜ 'ಸಂಸಾರ ಸಮೇತ ಜಾಗ ಖಾಲಿ ಮಾಡು' ಅಂದ. ಸೈಟು ಮಂಜೂರು ಮಾಡಿ, ಆಮೇಲೆ ಅದು ಬೇರೆಯವರದು ಅನ್ನುವ ಆಟ ನಾವು ಕಂಡುಹಿಡಿದದ್ದಲ್ಲ, ನೋಡಿ. 1518ರಲ್ಲಿ ಗಾಮ ದೇಶ ಬಿಟ್ಟು ಹೋಗ್ತೀನಿ ಅಂತ ಹೆದರಿಸಿದ. ಇನ್ನೊಬ್ಬ ಪೋರ್ಚುಗೀಸ್ ನಾವಿಕ ಮೆಗೆಲ್ಲನ್ ಆಗಲೇ ಗಂಟುಮೂಟೆ ಕಟ್ಟಿ ಸ್ಪೇನ್ ಸೇರಿದ್ದ. ರಾಜನಿಗೆ ಬಿಸಿ ಮುಟ್ಟಿತು. 1519ರಲ್ಲಿ ಗಾಮ ವಿಡಿಗೇರಾ ಎಂಬ ಊರಿನ ಕೌಂಟ್, ಅಂದರೆ ಬಿರುದಿನ ಜಹಗೀರುದಾರ, ಆದ. ಆ ಊರನ್ನೂ ಒಬ್ಬ ಡ್ಯೂಕ್‌ನಿಂದ ದುಡ್ಡು ಕೊಟ್ಟೇ ಪಡೆಯಬೇಕಾಯಿತು. 'ರಕ್ತದಲ್ಲೇ ಬಂದ' ಘನತೆಯ ಜನ್ಮವೃತ್ತಾಂತ ಇದು.

ಅಂದ ಹಾಗೆ, ಪೂರ್ವ ಆಫ್ರಿಕಾದ ಮಾಲಿಂದಿ ಬಂದರಿನಿಂದ ಸಮುದ್ರ ದಾಟಿಸಿ ಇವನನ್ನು ಮಲಬಾರಿಗೆ ಮುಟ್ಟಿಸಿದ್ದು ಅಲ್ಲಿನ ರಾಜ ಕೊಟ್ಟ, ಹಡಗಿಗೆ ದಾರಿ ತೋರುವ ಒಬ್ಬ ಪೈಲಟ್. ಅವನು ಯಾರು ಅನ್ನುವುದರ ಬಗ್ಗೆಯೇ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಅವನ ಮಕ್ಕಳಿಗೆ ಊರಿಲ್ಲ, ಬಿರುದಿಲ್ಲ.

ಗಾಮನ ಮಕ್ಕಳಿಗೆ ಆ ಚಿಂತೆ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದ ಹಾಗೆ ಪೋರ್ಚುಗೀಸರ ವಶದಲ್ಲಿದ್ದ ಮಲಕ್ಕಾದ (ಇಂದಿನ ಮಲೇಷ್ಯಾದ ಬಂದರು) ಕ್ಯಾಪ್ಟನ್ ಹುದ್ದೆ ಹಿಡಿದಿಟ್ಟಿದ್ದರು. ಒಬ್ಬೊಬ್ಬರಾಗಿ ನಾಲ್ವರು ಕೂತೆದ್ದರು.

ಮರಿಮಗ ಫ್ರಾನ್ಸಿಸ್ಕೋ ಇನ್ನೂ ಒಂದು ಕೈ ಮೇಲೆ. ನಾಲ್ಕನೇ ಕೌಂಟ್. 1597ರಲ್ಲಿ ವೈಸ್‌ರಾಯ್ ಆಗಿ ಗೋವಾಕ್ಕೆ ಬಂದ. ಮುತ್ತಜ್ಜ ಬಂದು 100 ವರ್ಷವಾಯಿತು ಅಂತ ಊರಬಾಗಿಲಿಗೆ ಒಂದು ಕಮಾನು ಕಟ್ಟಿಸಿ, ಮೇಲೆ ಮುತ್ತಜ್ಜನ ಮೂರ್ತಿ ಕೂರಿಸಿದ. ಬರುವ ಹೋಗುವವರೆಲ್ಲ ಅದರ ಕೆಳಗೇ ನುಸುಳಬೇಕು. ಇವನ ದರ್ಪಕ್ಕೆ ಗೋವಾದ ಪೋರ್ಚುಗೀಸರೇ ರೋಸಿಹೋಗಿದ್ದರು. ಮರಿಮಗನ ಮೇಲಿನ ಸಿಟ್ಟನ್ನು ಮುತ್ತಜ್ಜನ ಮೇಲೆ ತೀರಿಸಿಕೊಂಡರು. ಮೂರ್ತಿಯನ್ನು ಕೆಡವಿ ಪುಡಿಮಾಡಿದರು. ಅಜ್ಜನ ಹೆಸರಲ್ಲಿ ಮೊಮ್ಮಕ್ಕಳು ತಿನ್ನುವುದನ್ನು ನೋಡಿದ್ದೇವೆ. ಮರಿಮಗನ ಹೆಸರಲ್ಲಿ ಅಜ್ಜನೇ ಏಟು ತಿಂದದ್ದು ಅಪರೂಪ. ಅವಮಾನವಾದ ಮರಿಮಗ ಸುಮ್ಮನಾದನೇ? 1622ರಲ್ಲಿ ಮತ್ತೆ ವೈಸ್‌ರಾಯ್ ಆಗಿ ಬಂದ. ಮನೆತನ ದೊಡ್ಡದು, ಅಲ್ವಾ.

ಅವನ ಮಗ 1646ರಲ್ಲಿ ಬಡ್ತಿ ಪಡೆದು ನೀಜಾದ ಮಾರ್ಕ್ವಿಸ್ ಆದ. 1502ರಲ್ಲಿ ಹಜ್‌ನಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಮೂಲಪುರುಷ ಬೆಂಕಿ ಇಟ್ಟಿದ್ದನಲ್ಲ, ಆ ಆಸ್ತಿಗೆ ಮಾತ್ರ ವಾರಸುದಾರರು ಯಾರೂ ಬರಲಿಲ್ಲ. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾಗಿ ಎಲ್ಲ ಬಿರುದುಗಳನ್ನೂ ರದ್ದು ಮಾಡಿತು. ಆದರೂ ಹಳೆಯ ಮನೆತನಗಳಲ್ಲಿ ಬಿರುದು ಎಣಿಸುವುದು ನಿಂತಿಲ್ಲ. ಕರೆಂಟು ಹೋದರೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತದೆ. ಇವರ ಫ್ಯಾನು 100 ವರ್ಷದ ಮೇಲೂ ತಿರುಗುತ್ತಿದೆ.

ಮರೆತಿದ್ದೆ, ಮೂಳೆಗಳದ್ದೊಂದು ಕಥೆ ಇದೆ. ಗಾಮ ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಆಮೇಲೆ ಮೂಳೆಗಳನ್ನು ವಿಡಿಗೇರಾಕ್ಕೆ ಒಯ್ದರು. 1880ರಲ್ಲಿ ಅಲ್ಲಿನ ಸಮಾಧಿ ತೆರೆದು, ಭಾರೀ ಮೆರವಣಿಗೆಯಲ್ಲಿ ಲಿಸ್ಬನ್ನಿನ ಜೆರೋನಿಮೋಸ್ ಮಠಕ್ಕೆ ಸಾಗಿಸಿದರು. ಆಮೇಲೆ ಗೊತ್ತಾಯಿತು, ಆ ಮೂಳೆಗಳು ಅವನದಲ್ಲ. 1898ರಲ್ಲಿ ಮತ್ತೊಮ್ಮೆ ಹೋಗಿ ಸರಿಯಾದದ್ದನ್ನು ತಂದರು. ನಡುವಿನ 18 ವರ್ಷ ಜನ ಟೋಪಿ ತೆಗೆದು ತಲೆ ಬಾಗಿಸಿದ್ದು ಯಾರಿಗೋ.