ಕೇಸರಿ, ಬಿಳಿ, ಹಸಿರು ಮತ್ತು ನಮ್ಮ ಷೋಕೇಸು

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಷೋಕೇಸಿದೆ. ನಾಲ್ಕು ಹಲಗೆ, ಎಳೆಯುವ ಗಾಜಿನ ಬಾಗಿಲು. ಬೀಗದ ಕೈ ಕಳೆದು ಹದಿನೈದು ವರ್ಷವಾಯಿತು. ಪುಣ್ಯಕ್ಕೆ, ಕಳೆದ ದಿನ ಬೀಗ ತೆಗೆದೇ ಇತ್ತು.

ಅದರಲ್ಲಿ ಏನೇನಿದೆ ಅಂತ ಹೇಳಿದರೆ ನಿಮ್ಮ ಮನೆಯದ್ದೂ ನೆನಪಾಗಬಹುದು. ಶ್ರವಣಬೆಳಗೊಳದಿಂದ ತಂದ ಗೇಣುದ್ದದ ಗೊಮ್ಮಟ. ವಾಸನೆ ಎಂದೋ ಹೋಗಿರುವ ಮೈಸೂರಿನ ಗಂಧದ ಆನೆ. ಮದುವೆಯಲ್ಲಿ ಬಂದ, ಇವತ್ತಿನವರೆಗೂ ಒಬ್ಬರ ತುಟಿಗೂ ತಾಗದ ಪಿಂಗಾಣಿ ಕಪ್ಪು-ಸಾಸರ್. ಅತ್ತೆ ರಾಮೇಶ್ವರದಿಂದ ತಂದ ಶಂಖ. ನಮ್ಮನೆಯವರು ನಿವೃತ್ತರಾದಾಗ ಆಫೀಸಿನಲ್ಲಿ ಕೊಟ್ಟ ದೊಡ್ಡ ಸ್ಮರಣಿಕೆ. ಚನ್ನಪಟ್ಟಣದ ಗೊಂಬೆಗಳು ಏಳೆಂಟು. ಇವನ್ನೆಲ್ಲ ಯಾರೂ ಯೋಚನೆ ಮಾಡಿ ಜೋಡಿಸಿದ್ದಲ್ಲ. ಬಂದವು, ಜಾಗ ಸಿಕ್ಕ ಕಡೆ ಕೂತವು. ಬಸ್ಸಿನ ಸೀಟಿನ ಹಾಗೆ.

ಎರಡನೇ ಹಲಗೆಯಲ್ಲಿ ಒಂದು ಪೆನ್ ಸ್ಟ್ಯಾಂಡು. ಅದರಲ್ಲಿ ಬರೆಯದ ಮೂರು ಪೆನ್ನು, ಜೊತೆಗೆ ಒಂದು ಪುಟ್ಟ ಬಾವುಟ. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿಂದ ತಂದಿದ್ದು. ಅವಳಿಗೀಗ ಇಪ್ಪತ್ತೊಂದು. ಬಾವುಟದ ಕೇಸರಿ ಹೋಗಿ ಹಾಲು ಜಾಸ್ತಿಯಾದ ಟೀ ಬಣ್ಣ ಬಂದಿತ್ತು. ಹಸಿರು ಯಾವುದು, ಬಿಳಿ ಯಾವುದು ಅಂತ ಊಹೆ ಮಾಡಬೇಕಿತ್ತು. ಆದರೂ ಅದು ಅಲ್ಲೇ ಇತ್ತು. ಧೂಳು ಹೊಡೆಯುವಾಗ ಪೆನ್ನುಗಳನ್ನು ಎಷ್ಟೋ ಸಲ ಎಸೆಯಲು ಹೊರಟಿದ್ದೇನೆ. ಬಾವುಟದ ಹತ್ತಿರ ಬಂದ ಕೂಡಲೇ ಕೈ ಹಿಂದೆ ಬರುತ್ತಿತ್ತು. ಪೆನ್ನಿಲ್ಲದ ಪೆನ್ ಸ್ಟ್ಯಾಂಡಿನಲ್ಲಿ ಬಾವುಟ ಒಂದೇ ಇದ್ದರೆ ಚೆನ್ನಾಗಿರಲ್ಲ ಅಂತ ಪೆನ್ನುಗಳೂ ಉಳಿದುಕೊಂಡವು.

2024ರ ಆಗಸ್ಟಿನಲ್ಲಿ ಮಗಳಿಗೆ ಈ ಷೋಕೇಸಿನ ಮೇಲೆ ಕಣ್ಣು ಬಿತ್ತು. ಫೋನಿನಲ್ಲಿ ಫೋಟೋಗಳನ್ನು ತೋರಿಸಿದಳು. ಯಾರದೋ ಮನೆಯ ಶೆಲ್ಫು. ಹಲಗೆಗೆ ಎರಡೇ ಸಾಮಾನು, ಉಳಿದದ್ದು ಖಾಲಿ. ಒಂದು ಕಡೆ ಕಿತ್ತಳೆ ಬಣ್ಣದ ಹೂದಾನಿ, ಮಧ್ಯೆ ಬಿಳಿ ಬಟ್ಟಲು, ಆ ಕಡೆ ಹಸಿರು ಗಿಡ. "ಇದು ಸ್ವಾತಂತ್ರ್ಯ ದಿನದ ಡೆಕೋರೇಷನ್ ಅಮ್ಮಾ. ಆದರೆ ಹಾಗೆ ಅಂತ ಕೂಗಿ ಹೇಳಲ್ಲ. ಸಟಲ್ ಆಗಿರುತ್ತೆ" ಅಂದಳು.

"ಸಟಲ್ ಅಂದರೆ?" ಅಂದರು ಅತ್ತೆ.

"ಕಂಡೂ ಕಾಣದ ಹಾಗೆ, ಅಜ್ಜಿ."

"ಕಾಣದ ಹಾಗೆ ಇಡೋದಾದರೆ ಷೋಕೇಸು ಯಾಕೆ? ಬೀರುವಿನಲ್ಲಿಡು."

ಮಗಳ ಪಟ್ಟಿ ಉದ್ದ ಇತ್ತು. ಹಲಗೆಯ ಅಂಚಿಗೆ ಪುಟ್ಟ ಪುಟ್ಟ ಬಾವುಟಗಳ ತೋರಣ, ಸೋಫಾಗೆ ಚಕ್ರವಿರುವ ದಿಂಬಿನ ಕವರು. ಅಲ್ಲಿಯವರೆಗೆ ಪೇಪರಿನ ಹಿಂದೆ ಇದ್ದ ನಮ್ಮನೆಯವರು ಪೇಪರ್ ಕೆಳಗಿಟ್ಟರು. ಅವರು ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸವೆದವರು. ಪ್ರತಿ ವರ್ಷ ಧ್ವಜಾರೋಹಣದ ಹಗ್ಗ, ಕಂಬ, ಹೂವಿನ ಜವಾಬ್ದಾರಿ ಅವರದ್ದೇ. ಧ್ವಜ ಸಂಹಿತೆ ಅವರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ.

"ತೋರಣ ಕಟ್ಟೋ ಹಾಗಿಲ್ಲ. ಬಾವುಟವನ್ನ ಅಲಂಕಾರಕ್ಕೆ ಬಳಸೋ ಹಾಗೇ ಇಲ್ಲ. ದಿಂಬು, ಕರವಸ್ತ್ರ, ಕೈ ಒರೆಸೋ ಬಟ್ಟೆ ಇದರ ಮೇಲೆಲ್ಲ ಅಚ್ಚು ಹಾಕೋ ಹಾಗಿಲ್ಲ" ಅಂದರು. ಆಮೇಲೆ ಎದ್ದು ಷೋಕೇಸಿನ ಹತ್ತಿರ ಹೋಗಿ ಕನ್ನಡಕ ಸರಿ ಮಾಡಿಕೊಂಡರು. "ಹರಿದ, ಮಾಸಿದ ಬಾವುಟ ಪ್ರದರ್ಶನ ಮಾಡೋ ಹಾಗೂ ಇಲ್ಲ." ಇಷ್ಟು ವರ್ಷ ಅದರ ಮುಂದೆಯೇ ಕೂತು ಕಾಫಿ ಕುಡಿದವರು ಇವರು. ಪೆನ್ ಸ್ಟ್ಯಾಂಡಿನ ಬಾವುಟ ಅವತ್ತೇ ಕೆಳಗಿಳಿಯಿತು.

ಅಲ್ಲಿಗೆ ಅಲಂಕಾರ ಮುಗಿಯಿತು ಅಂದುಕೊಂಡೆ. ಇಲ್ಲ. ಹೊಸ ಬಾವುಟ ಬೇಕು ಅಂದರು. ಅದೂ ಖಾದಿಯದ್ದೇ. 2021ರ ಡಿಸೆಂಬರಿನಲ್ಲಿ ಸಂಹಿತೆ ತಿದ್ದಿ, ಮಷೀನಿನಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟರಲ್ಲ, ಆ ಬಗ್ಗೆ ಅವರಿಗೆ ಇನ್ನೂ ಕೋಪ ಇಳಿದಿಲ್ಲ. ಮುಂದಿನ ಆಗಸ್ಟಿನಲ್ಲಿ ಮನೆ ಮನೆಗೂ ಬಾವುಟ ಅಂತಾದಾಗ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳೆಲ್ಲ ಮಿಂಚಿದವು. ಗೌರಿ ಹಬ್ಬ ಬಂದರೂ ಎರಡು ಬಾಲ್ಕನಿಯಲ್ಲಿ ಬಾವುಟ ಇಳಿಸಿರಲಿಲ್ಲ. ಒಂದರ ಪಕ್ಕದಲ್ಲೇ ಟವೆಲ್ ಒಣಗುತ್ತಿತ್ತು. ಇವರು ಲಿಫ್ಟಿನಲ್ಲಿ ಆ ಮನೆಯವರ ಮುಖ ನೋಡುವುದನ್ನೇ ಬಿಟ್ಟಿದ್ದರು.

ನನ್ನ ನಾದಿನಿ ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಶುರುವಾದದ್ದು. ದೇಶಕ್ಕೆಲ್ಲ ಖಾದಿ ಬಾವುಟ ಹೋಗುವುದು ಅಲ್ಲಿಂದ. ನಾನೊಮ್ಮೆ ನಾದಿನಿಯ ಜೊತೆ ಹೋಗಿದ್ದೆ. ಸಾಲಾಗಿ ಹೊಲಿಗೆ ಯಂತ್ರಗಳು, ಹೆಚ್ಚಿನವರು ಹೆಂಗಸರು. ಬಿಳಿ ಬಟ್ಟೆಯ ಮೇಲೆ ಚಕ್ರದ ಅಚ್ಚು ಎರಡೂ ಕಡೆ ಬೀಳಬೇಕು, ಒಂದು ಇನ್ನೊಂದರ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆ ಸರಿದರೂ ಅದು ಬಾವುಟ ಅಲ್ಲ, ಬರೀ ಬಟ್ಟೆ. ಅಳತೆಯೂ ನಮ್ಮಿಷ್ಟ ಅಲ್ಲ. ಒಂಬತ್ತೇ ಅಳತೆ. ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ನಮ್ಮ ಹಾಲ್‌ನಲ್ಲಿ ಹಾಸಿದರೆ ಅಡುಗೆ ಮನೆಯೊಳಗೂ ಹೋದೀತು. ಚಿಕ್ಕದು 150ಕ್ಕೆ 100, ಮೇಜಿನ ಮೇಲಿಡುವುದು. ಉದ್ದ ಮೂರು ಪಾಲಾದರೆ ಅಗಲ ಎರಡು, ಯಾವುದಕ್ಕೂ ಇದೇ ಲೆಕ್ಕ. ಪ್ರೆಷರ್ ಕುಕ್ಕರಿನ ಮೇಲೆ ಇರುತ್ತಲ್ಲ ಐಎಸ್‌ಐ ಮುದ್ರೆ, ಆ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರು ಬಾವುಟದ್ದು. ಇದನ್ನು ಕೇಳಿದ ದಿನ ನನ್ನ ಕುಕ್ಕರಿಗೆ ಸ್ವಲ್ಪ ಮರ್ಯಾದೆ ಹೆಚ್ಚಾಯಿತು.

ನಾದಿನಿ ಆ ಚಿಕ್ಕದನ್ನೇ ಕಳಿಸಿಕೊಟ್ಟರು. ಎಲ್ಲಿಡುವುದು? ಮಗಳು ಕೆಳಗಿನ ಹಲಗೆಯ ಮೂಲೆ ತೋರಿಸಿದಳು, ಕಂಡೂ ಕಾಣದ ಹಾಗೆ. ಅವಳಪ್ಪ ತಲೆ ಅಲ್ಲಾಡಿಸಿದರು. ಬಾವುಟಕ್ಕೆ ಗೌರವದ ಜಾಗ ಕೊಡಬೇಕು, ಎದ್ದು ಕಾಣಬೇಕು ಅನ್ನುವುದು ನಿಯಮ. ಅದಕ್ಕಿಂತ ಎತ್ತರದಲ್ಲಿ, ಅದರ ಪಕ್ಕಕ್ಕೆ ಬೇರೆ ಬಾವುಟವನ್ನೂ ಇಡಬಾರದು. ಬೇರೆ ಬಾವುಟ ತಾನೇ, ಗೊಮ್ಮಟ ಇರಬಹುದಲ್ಲ ಅಂತ ಕೇಳಿದೆ. ಸಂಶಯಕ್ಕೆ ಎಡೆ ಯಾಕೆ, ಅದೂ ಬೇಡ ಅಂದರು. ಮೇಲಿನ ಹಲಗೆ ಪೂರ್ತಿ ಖಾಲಿಯಾಯಿತು. ಗೊಮ್ಮಟ ಎರಡನೇ ಹಲಗೆಗೆ ಇಳಿದ, ಗಂಧದ ಆನೆ ಮೂರನೆಯದಕ್ಕೆ. ಅವರದ್ದೇ ಸ್ಮರಣಿಕೆ ಎಲ್ಲೂ ಹಿಡಿಸದೆ ಮಂಚದ ಕೆಳಗೆ ಹೋಯಿತು. ಅವರು ಮರುಮಾತಾಡಲಿಲ್ಲ. ಅಷ್ಟು ದೊಡ್ಡ ತ್ಯಾಗ ಮಾಡಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ.

ಸೋತವಳ ಹಾಗೆ ಕಾಣುತ್ತಿದ್ದ ಮಗಳಿಗೆ ಉಳಿದ ಮೂರು ಹಲಗೆ ಬಿಟ್ಟುಕೊಟ್ಟೆವು. ಬಾವುಟ ಇಲ್ಲದೆ ಬರೀ ಬಣ್ಣದಲ್ಲಿ ಮಾಡ್ತೀನಿ ಅಂದಳು. ಇಬ್ಬರೂ ಕೂತು ಹುಡುಕಿದೆವು. ಕೇಸರಿಗೆ ಚನ್ನಪಟ್ಟಣದ ಗೊಂಬೆ ಸಿಕ್ಕಿತು. ಆಲೆ ಮರವನ್ನು ಕಡೆಯುತ್ತಾ, ತಿರುಗುವಾಗಲೇ ಬಣ್ಣದ ಅರಗು ಒತ್ತಿ, ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ತಂದಿದ್ದು. ನನ್ನ ಸಿಂಗಾರದ ಟೇಬಲ್ಲಿನ ಯಾವ ವಸ್ತುವಿಗೂ ಇಷ್ಟು ವರ್ಷ ಆ ಹೊಳಪು ನಿಂತಿಲ್ಲ. ಬಿಳಿಗೆ ರಾಮೇಶ್ವರದ ಶಂಖ. ಹಸಿರಿಗೆ ಚನ್ನಪಟ್ಟಣದ್ದೇ ಒಂದು ಗಿಣಿ. ಮೂರನ್ನೂ ಸಾಲಾಗಿ ಇಟ್ಟು ದೂರ ನಿಂತು ನೋಡಿದೆವು. ನಿಜಕ್ಕೂ ಚೆನ್ನಾಗಿತ್ತು.

ಅತ್ತೆ ಬಂದು ನೋಡಿದರು. "ಕ್ಯಾರೆಟ್ಟು, ಮೂಲಂಗಿ, ಹುರುಳಿಕಾಯಿ. ಹುಳಿಗೆ ಹೆಚ್ಚಿಟ್ಟ ಹಾಗಿದೆ" ಅಂದರು.

ಮಾರನೇ ದಿನ ಧೂಳು ಹೊಡೆದ ಅತ್ತೆ ಗಿಣಿಯನ್ನು ಎಡಗಡೆ, ಗೊಂಬೆಯನ್ನು ಬಲಗಡೆ ಇಟ್ಟರು. ನಮ್ಮನೆಯವರು ಬಾಗಿಲಿನಿಂದಲೇ ಪತ್ತೆ ಮಾಡಿದರು. ಬಾವುಟವನ್ನು ಉದ್ದಕ್ಕೆ ಇಳಿಬಿಟ್ಟರೆ ಕೇಸರಿ ನೋಡುವವರ ಎಡಗಡೆ ಬರಬೇಕಂತೆ. "ಅದು ಬಾವುಟ ಅಲ್ಲಪ್ಪಾ, ಗೊಂಬೆ" ಅಂದಳು ಮಗಳು. "ಆದರೂ" ಅಂದರು. ಗಿಣಿ ಮತ್ತೆ ಬಲಕ್ಕೆ ಹಾರಿತು.

ಈ ಸಟಲ್ ಅನ್ನುವುದರಲ್ಲಿ ಒಂದು ತೊಂದರೆ ಇದೆ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಲಿ ಅಂತ ಹೇಳಿದರೆ ಅದು ಸಟಲ್ ಆಗಿ ಉಳಿಯುವುದಿಲ್ಲ. ಪಕ್ಕದ ಮನೆಯಾಕೆ ಬಂದು "ಏನ್ರೀ, ಗೊಂಬೆ ಈಗಲೇ ಕೂರಿಸಿಬಿಟ್ರಾ? ನವರಾತ್ರಿಗೆ ಇನ್ನೂ ಒಂದೂವರೆ ತಿಂಗಳಿದೆ" ಅಂದರು. ಫ್ಯಾನ್ ರಿಪೇರಿಗೆ ಬಂದ ಹುಡುಗ ಮೂರೂ ಹಲಗೆ ಬಿಟ್ಟು ಮೇಲಿನ ಬಾವುಟ ನೋಡಿ "ಬಾವುಟ ಚೆನ್ನಾಗಿದೆ ಮೇಡಂ" ಅಂದ. ಮಗಳ ಮುಖ ನೋಡಲಾಗಲಿಲ್ಲ. ಅಲ್ವಾ ಮತ್ತೆ, ನಮ್ಮ ಊರಿನವರಿಗೆ ಆಗಸ್ಟ್ ಅಂದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. 1889ರ ಆ ಗಾಜಿನ ಮನೆಯ ತುಂಬ ಹೂವು ಸುರಿದು, ನಡುವೆ ಎರಡಾಳೆತ್ತರದ ಹೂವಿನ ಕಟ್ಟಡ ನಿಲ್ಲಿಸಿ, ಜನ ಜಾತ್ರೆಯ ಹಾಗೆ ನುಗ್ಗಿ ಸೆಲ್ಫಿ ತೆಗೆದುಕೊಳ್ಳುವ ಊರು ಇದು. ಇಲ್ಲಿ ಒಂದು ಶಂಖ, ಒಂದು ಗಿಣಿ ಇಟ್ಟು ಸುಳಿವು ಕೊಟ್ಟರೆ ಯಾರು ಹಿಡಿಯುತ್ತಾರೆ?

ಕನ್ನಡ ರಾಜ್ಯೋತ್ಸವಕ್ಕಾದರೆ ಈ ಕಷ್ಟವೇ ಇಲ್ಲ. ಮ. ರಾಮಮೂರ್ತಿಯವರು ಕನ್ನಡಕ್ಕೆ ಕೊಟ್ಟ ಬಾವುಟದಲ್ಲಿ ಹಳದಿ, ಕೆಂಪು ಎರಡೇ ಬಣ್ಣ. ಅರಿಶಿನದ ಬಟ್ಟಲು ಮೇಲೆ, ಕುಂಕುಮದ ಬಟ್ಟಲು ಕೆಳಗೆ ಇಟ್ಟರೆ ಆಯಿತು. ಆ ಲೆಕ್ಕದಲ್ಲಿ ನಮ್ಮ ದೇವರ ಗೂಡಿನಲ್ಲಿ ವರ್ಷವಿಡೀ ನವೆಂಬರ್ ಒಂದು.

ಆ ವರ್ಷ ಆಗಸ್ಟ್ 15 ಗುರುವಾರ, ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ. ಹೀಗೆ ಎರಡೂ ಬೆನ್ನಿಗೆ ಬೆನ್ನು ತಾಗಿಸಿ ಬಂದರೆ ಹೂವಿನ ರೇಟು ಕೇಳಬೇಡಿ. ಗುರುವಾರ ಕೆಳಗೆ ಧ್ವಜವಂದನೆ, ಲಾಡು ಎಲ್ಲ ಮುಗಿಸಿಕೊಂಡು ಬಂದು ಅತ್ತೆ ಹಾಲ್‌ನಲ್ಲಿ ಪೇಪರ್ ಹಾಸಿ ಹೂವು ಕಟ್ಟಲು ಕೂತರು. ಕನಕಾಂಬರ, ಮಲ್ಲಿಗೆ, ಮಧ್ಯೆ ಮಧ್ಯೆ ಮರುಗ. ಬಾಳೆನಾರು ಅವರ ಬೆರಳಲ್ಲಿ ಓಡುವುದನ್ನು ನೋಡುತ್ತಾ ಕೂತಿದ್ದ ಮಗಳು ಇದ್ದಕ್ಕಿದ್ದಂತೆ, "ಅಜ್ಜಿ, ಕೇಸರಿ, ಬಿಳಿ, ಹಸಿರು!" ಅಂತ ಕೂಗಿದಳು.

ಅತ್ತೆ ತಲೆ ಎತ್ತಲಿಲ್ಲ. "ನಾನು ಲಂಗ ಹಾಕೋ ಕಾಲದಿಂದ ಮುಡೀತಿದ್ದೀನಿ" ಅಂದರು.

"ಚಕ್ರ ಎಲ್ಲಿ?"

"ಬೆಳಿಗ್ಗೆ ಒತ್ತಿದ್ದೀನಲ್ಲ, ಡಬ್ಬದಲ್ಲಿದೆ. ಈಗ ಮುಟ್ಟಬೇಡ, ನಾಳೆ ನೈವೇದ್ಯಕ್ಕೆ."

ಚಕ್ಕುಲಿಗೆ ಇಪ್ಪತ್ತನಾಲ್ಕು ಅರ ಇಲ್ಲ ಅಂತ ನಮ್ಮನೆಯವರು ರೂಮಿನಿಂದ ಹೇಳಿದರು.

ಹಬ್ಬ ಮುಗಿಯಿತು. ಗೊಮ್ಮಟ, ಆನೆ, ಗಿಣಿ ಹೇಗೋ ಹೊಂದಿಕೊಂಡವು. ಉಳಿದದ್ದು ಆ ಹಳೆಯ ಬಾವುಟ. ಪೆನ್ ಸ್ಟ್ಯಾಂಡಿನಿಂದ ಇಳಿಸಿ ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದೆವು. ಹಾಳಾದ ಬಾವುಟವನ್ನು ಯಾರ ಕಣ್ಣಿಗೂ ಬೀಳದ ಹಾಗೆ, ಆದಷ್ಟೂ ಸುಟ್ಟು, ಮರ್ಯಾದೆಯಿಂದ ಕಳಿಸಬೇಕು ಅನ್ನುತ್ತದೆ ಸಂಹಿತೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಲ್ಲಿ ಸುಡುವುದು? ಗ್ಯಾಸ್ ಒಲೆಯ ಮೇಲೆ ಅಂದರೆ ಅಪ್ಪಳ ಸುಟ್ಟ ಹಾಗಾಗುತ್ತದೆ. ಬಾಲ್ಕನಿಯಲ್ಲಿ ಸುಟ್ಟರೆ ಎದುರು ಬ್ಲಾಕಿನವರು ವಿಡಿಯೋ ಮಾಡಿ ಕಳಿಸುತ್ತಾರೆ, ಆಮೇಲೆ ನಾವು ಸಂಹಿತೆ ಓದಿ ಹೇಳಿದರೆ ಯಾರು ಕೇಳುತ್ತಾರೆ? ಟೆರೇಸಿನಲ್ಲಿ ಬೆಂಕಿ ಹಚ್ಚಬಾರದು ಅಂತ ಅಸೋಸಿಯೇಷನ್ನಿನ ಬೋರ್ಡಿದೆ.

ಅತ್ತೆಗೆ ಸುಡುವ ಮಾತೇ ಹಿಡಿಸಲಿಲ್ಲ. ಅವರ ತವರು ಮದ್ದೂರಿನ ಕಡೆ. 1938ರ ಏಪ್ರಿಲ್‌ನಲ್ಲಿ ಅಲ್ಲಿಯ ಶಿವಪುರದಲ್ಲಿ ಮೈಸೂರು ಸರ್ಕಾರದ ನಿಷೇಧ ಮುರಿದು ಬಾವುಟ ಹಾರಿಸಿದರು, ಹಾರಿಸಿದವರನ್ನು ಬಂಧಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿತು. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ಹೋಗುವಾಗ ಶಿವಪುರದ ಸತ್ಯಾಗ್ರಹ ಸೌಧ ಕಂಡ ಕೂಡಲೇ ಅತ್ತೆ ಮಾತು ನಿಲ್ಲಿಸಿ ಒಂದು ಸಲ ಕೈ ಮುಗಿಯುತ್ತಾರೆ, ಮದ್ದೂರು ವಡೆ ಕೈಯಲ್ಲಿದ್ದರೂ. "ನಮ್ಮ ಕಡೆಯವರು ಅದನ್ನ ಏರಿಸಿ ಜೈಲಿಗೆ ಹೋದರು. ನೀವು ಬೆಂಕಿಪೊಟ್ಟಣ ಹುಡುಕ್ತಾ ಇದ್ದೀರಾ?" ಅಂದರು.

"ನಿಯಮ ಹಾಗಿದೆ ಅಮ್ಮಾ" ಅಂದರು ಇವರು.

"ಇರಲಿ."

ಒಡೆದ ದೇವರ ಪಟಗಳನ್ನು ಅರಳಿಕಟ್ಟೆಯ ಬುಡದಲ್ಲಿ ಇಡುವ ಹಾಗೆ ಇಟ್ಟು ಬರೋಣವೇ ಅಂತ ನಾನು ಕೇಳಿದೆ. ಅದು ನೆಲಕ್ಕೆ ತಾಗುತ್ತೆ, ಆಗಲ್ಲ ಅಂದರು ಅಮ್ಮ, ಮಗ ಇಬ್ಬರೂ ಒಟ್ಟಿಗೆ. ಅವರಿಬ್ಬರೂ ಒಂದೇ ಮಾತು ಹೇಳಿದ್ದು ನಾನು ಕೇಳಿದ್ದು ಅಪರೂಪ.

ಲಕೋಟೆ ಈಗ ದೇವರ ಗೂಡಿನ ಡ್ರಾಯರಿನಲ್ಲಿದೆ, ಹಳೆಯ ಪಂಚಾಂಗಗಳ ಮೇಲೆ. ಜನವರಿ 26ರೊಳಗೆ ಒಂದು ದಾರಿ ಮಾಡೋಣ ಅಂದಿದ್ದಾರೆ ನಮ್ಮನೆಯವರು. ಯಾವ ವರ್ಷದ ಜನವರಿ ಅಂತ ನಾನು ಕೇಳಲು ಹೋಗಿಲ್ಲ.