60 ವರ್ಷದ ‘ಕಾನೂನು’: ಒಂದು ಸ್ಪಷ್ಟನೆ

‘ವ್ಯಕ್ತಿ ತೀರಿಕೊಂಡು 60 ವರ್ಷವಾದರೆ ಅವರ ಬಗ್ಗೆ ಬರೆದದ್ದೆಲ್ಲ ಐತಿಹಾಸಿಕ ಕಾದಂಬರಿ; ಏನು ಬೇಕಾದರೂ ಕಲ್ಪಿಸಬಹುದು, ಕಾನೂನೇ ಹಾಗಿದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ನಮ್ಮಲ್ಲಿ ಲೇಖಕರ ಮರಣಾನಂತರದ 60 ವರ್ಷ ಕೃತಿಸ್ವಾಮ್ಯದ ಅವಧಿ. ಅದು ಬರೆದವರ ಹಕ್ಕು, ಕಥೆಯಲ್ಲಿ ಪಾತ್ರವಾದವರಿಗೆ ಅದರ ಸಂಬಂಧವಿಲ್ಲ. ಇನ್ನೊಂದು 60 ವರ್ಷ ಸಾಹಿತ್ಯದ ರೂಢಿ. ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್ 1814ರ ತಮ್ಮ ಕಾದಂಬರಿ ‘ವೇವರ್ಲಿ’ಗೆ ‘ಅರವತ್ತು ವರ್ಷಗಳ ಹಿಂದೆ’ ಎಂಬರ್ಥದ ಉಪಶೀರ್ಷಿಕೆ ಕೊಟ್ಟರು. ಐತಿಹಾಸಿಕ ಕಾದಂಬರಿಗಳಿಗೆ ಕೊಡುವ, ಅವರ ಹೆಸರಿನ ಬ್ರಿಟಿಷ್ ಪ್ರಶಸ್ತಿ ಅದನ್ನೇ ಅಳತೆಗೋಲು ಮಾಡಿಕೊಂಡಿದೆ. ಅಲ್ಲಿಯೂ ಎಣಿಸುವುದು ಕಥೆ ನಡೆದ ಕಾಲವನ್ನು, ಯಾರದೋ ಸಾವಿನ ದಿನವನ್ನಲ್ಲ.

ಏನು ಬೇಕಾದರೂ ಬರೆಯಬಹುದೆಂಬುದಂತೂ ಅಪಾಯಕಾರಿ ಮಾತು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ, ಕುಟುಂಬದವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಮೃತರ ಮೇಲಿನ ಆರೋಪವೂ ಮಾನಹಾನಿಯಾಗಬಹುದು. ಸತ್ತು ಎಷ್ಟು ವರ್ಷವಾಯಿತೆಂಬ ಲೆಕ್ಕ ಅಲ್ಲಿಲ್ಲ.

1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ದೊರೆಯ ಕಥೆಯನ್ನು ಮಾಸ್ತಿಯವರು 1956ರಲ್ಲಿ ‘ಚಿಕವೀರ ರಾಜೇಂದ್ರ’ವಾಗಿಸಿದರು. ಅದನ್ನು ಐತಿಹಾಸಿಕ ಎನ್ನುವುದು ನಡುವಿನ 122 ವರ್ಷಗಳನ್ನು ಎಣಿಸಿ ಅಲ್ಲ. ಒಬ್ಬ ಅರಸನ ಪತನದೊಳಗೆ ಒಂದು ನಾಡು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಜಾರಿದ ಬಗೆ ಕಾಣುತ್ತದೆ, ಅದಕ್ಕೆ.